ಕೈ ನಡುಗಿದರೆಲ್ಲ ಪಾರ್ಕಿನ್ಸನ್ ಅಲ್ಲ: ಡಾಕ್ಟರ್ ಚೀಟಿಯ ಪದಗಳ ಅರ್ಥವೇನು?

‘ಕೈ ನಡುಗುತ್ತಿದೆಯೇ? ಪಾರ್ಕಿನ್ಸನ್ ಬಂತೆಂದೇ ತಿಳಿಯಿರಿ’ ಎನ್ನುವಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಅರ್ಧಸತ್ಯ. ನಡುಕಕ್ಕೆ ವೈದ್ಯರು ಬಳಸುವ ಪದ ‘ಟ್ರೆಮರ್’. ಜ್ವರ, ಕೆಮ್ಮಿನ ಹಾಗೆ ಅದು ಲಕ್ಷಣ, ಕಾಯಿಲೆಯ ಹೆಸರಲ್ಲ. ಕೈ ಯಾವಾಗ ನಡುಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ನಡುಗಿ, ಲೋಟ ಎತ್ತಲು ಹೋದಾಗ ನಡುಕ ಕಡಿಮೆಯಾದರೆ ಅದು ‘ರೆಸ್ಟ್ ಟ್ರೆಮರ್’. ಪಾರ್ಕಿನ್ಸನ್‌ನಲ್ಲಿ ಹೆಚ್ಚಾಗಿ ಕಾಣುವುದು ಇದೇ, ಸಾಮಾನ್ಯವಾಗಿ ಒಂದು ಕಡೆಯಿಂದ ಶುರುವಾಗುತ್ತದೆ. ಸುಮ್ಮನಿದ್ದಾಗ ಸರಿಯಿದ್ದು, ಕಾಫಿ ಲೋಟ ಹಿಡಿದಾಗ, ಸಹಿ ಹಾಕುವಾಗ ಎರಡೂ ಕೈ ನಡುಗಿದರೆ ಅದು ‘ಎಸೆನ್ಶಿಯಲ್ ಟ್ರೆಮರ್’ ಇರಬಹುದು. ಪಾರ್ಕಿನ್ಸನ್‌ಗಿಂತ ಇದೇ ಹೆಚ್ಚು ಜನರಲ್ಲಿದೆ. ಅಪ್ಪ, ಅಜ್ಜನಿಗೂ ಇದ್ದದ್ದುಂಟು. (ಇಲ್ಲಿ ‘ಎಸೆನ್ಶಿಯಲ್’ ಎಂದರೆ ‘ಅಗತ್ಯ’ ಅಲ್ಲ, ‘ಬೇರೆ ಕಾರಣ ಸಿಗದ್ದು’ ಎಂದರ್ಥ!) ಥೈರಾಯ್ಡ್ ಹೆಚ್ಚಾದರೂ, ಕೆಲವು ಅಸ್ತಮಾ ಔಷಧಿಗಳಿಂದಲೂ ಕೈ ನಡುಗುತ್ತದೆ.

ಪಾರ್ಕಿನ್ಸನ್ ಎಂದು ಹೇಳಲು ನಡುಕಕ್ಕಿಂತ ಮುಖ್ಯವಾದದ್ದು ‘ಬ್ರಾಡಿಕೈನೇಸಿಯಾ’, ಅಂದರೆ ಚಲನೆ ನಿಧಾನವಾಗಿ, ಚಿಕ್ಕದಾಗುತ್ತಾ ಹೋಗುವುದು. ಅಂಗಿಯ ಗುಂಡಿ ಹಾಕಲು ತುಂಬಾ ಹೊತ್ತು ಹಿಡಿಯುತ್ತದೆ, ಬರವಣಿಗೆ ಸಣ್ಣದಾಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದಿಲ್ಲ. ನಡುಕವೇ ಇಲ್ಲದ ರೋಗಿಗಳೂ ಇದ್ದಾರೆ. ಅವರನ್ನು ‘ವಯಸ್ಸಾಯ್ತು’ ಎಂದು ಮನೆಯಲ್ಲೇ ಕೂರಿಸಿಬಿಡುತ್ತೇವೆ.

ಇನ್ನು ‘ಡಿಸ್ಟೋನಿಯಾ’ ಎಂದರೆ ಸ್ನಾಯು ತಾನಾಗಿ ಸೆಳೆದು ಕತ್ತು ಅಥವಾ ಕೈ ತಿರುಚಿಕೊಳ್ಳುವುದು. ‘ಕೊರಿಯಾ’ ಎಂದರೆ ಕುಣಿತದಂತೆ ಕಾಣುವ, ತಡೆಯಲಾಗದ ಚಲನೆ. ‘ಅಟಾಕ್ಸಿಯಾ’ ಎಂದರೆ ಹಿಡಿತ ತಪ್ಪಿ ತೂರಾಡುವುದು. ಅಂಥವರನ್ನು ಕುಡಿದಿದ್ದಾರೆ ಎಂದುಕೊಳ್ಳುವವರೇ ಹೆಚ್ಚು.

ಚೀಟಿಯಲ್ಲಿ ‘ಪಾರ್ಕಿನ್ಸನಿಸಂ’ ಎಂದಿದ್ದರೆ ಅದು ಪಾರ್ಕಿನ್ಸನ್ ಕಾಯಿಲೆಯೇ ಆಗಿರಬೇಕಿಲ್ಲ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್‌ನಿಂದಲೂ ಇಂಥ ಲಕ್ಷಣ ಬರಬಹುದು. ವೈದ್ಯರು ಆ ಮಾತ್ರೆ ನಿಲ್ಲಿಸಿದ ಮೇಲೆ ಹಲವರಲ್ಲಿ ನಿಧಾನಕ್ಕೆ ಇಳಿಯುತ್ತದೆ. ಆದ್ದರಿಂದ ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಅವರಿಗೆ ತೋರಿಸಿ.

ನಸುಗುನ್ನಿ ಬೀಜದ ಪುಡಿಯಿಂದ ಕಂಪವಾತ ವಾಸಿಯಾಗುತ್ತದೆಯೇ? ಆ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. 1937ರಲ್ಲೇ ಅದನ್ನು ಬೇರ್ಪಡಿಸಿದ್ದರು. ಪಾರ್ಕಿನ್ಸನ್ ಮಾತ್ರೆಯಲ್ಲೂ ಇರುವುದು ಅದೇ. ಅದು ಲಕ್ಷಣಗಳನ್ನು ಹತೋಟಿಗೆ ತರುತ್ತದೆಯೇ ಹೊರತು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಪುಡಿಯಲ್ಲಿ ಅದರ ಪ್ರಮಾಣ ಒಂದೇ ಸಮ ಇರುವುದಿಲ್ಲ, ಮಾತ್ರೆಯ ಜೊತೆ ತಿಂದರೆ ಡೋಸ್ ಹೆಚ್ಚಾಗಬಹುದು. ಪುಡಿ ನಂಬಿ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಮೈ ಸೆಟೆದು, ಜ್ವರ ಏರಿ ಪ್ರಾಣಕ್ಕೇ ಅಪಾಯವಾಗಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.