ಅಂಡಿಗೆಯ ಮೇಲಿನ ಗುರುತು

1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದಕ್ಕೆ ಮುಖ್ಯ ಕಾರಣ ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿನ ಹತ್ತಿ ನಿಂತುಹೋದಾಗ ಮ್ಯಾಂಚೆಸ್ಟರಿನ ಗಿರಣಿಗಳು ಧಾರವಾಡ ಸೀಮೆಯತ್ತ ಕಣ್ಣುಹಾಕಿದವು. ಆ ಹತ್ತಿ ಘಟ್ಟ ಇಳಿದು ಹಡಗು ಸೇರುವ ಬಂದರಾಗಿ ಕಾರವಾರವನ್ನು ಬೆಳೆಸಬೇಕೆಂಬುದು ಯೋಜನೆ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಕಾರವಾರದ ಬಳಿಯ ಸದಾಶಿವಗಡಕ್ಕೆ ತಂದಿಳಿಸಿದಾಗ ಘಟ್ಟದ ರಸ್ತೆಯೇ ಮುಗಿದಿರಲಿಲ್ಲ. ಆದರೆ ಈ ವ್ಯಾಪಾರವನ್ನು ಕಾಡಿದ್ದು ರಸ್ತೆಯೊಂದೇ ಅಲ್ಲ. ಕೊಂಡವನು ಸಾವಿರಾರು ಮೈಲಿ ದೂರದಲ್ಲಿ ಕುಳಿತು “ಇದು ನಾನು ಕೇಳಿದ ಹತ್ತಿಯಲ್ಲ” ಎಂದರೆ ಮಾರಿದವನು ಏನು ತೋರಿಸಬೇಕು? ಮೊಬೈಲ್ ಕಳಿಸಿದರೆ ಇಟ್ಟಿಗೆ ಮರಳಿ ಬರುವ, ಹೊಸ ಸೀರೆ ಕಳಿಸಿದರೆ ಉಟ್ಟು ಮಾಸಿದ ಸೀರೆ ವಾಪಸಾಗುವ ಈ ಕಾಲದ ಆನ್‌ಲೈನ್ ಮಾರಾಟಗಾರನ ಪ್ರಶ್ನೆಯೂ ಇದೇ. ದೂರದ ವ್ಯಾಪಾರದಲ್ಲಿ ಮಾರುವವನನ್ನು ಕಾಯುವುದು ಕೊಳ್ಳುವವನ ಮೇಲಿನ ಅನುಮಾನವಲ್ಲ. ಮಾಲು ಕೈಬಿಟ್ಟ ಗಳಿಗೆಯಲ್ಲಿ ಅದು ಹೇಗಿತ್ತೆಂಬ ದಾಖಲೆ. ಕರಾವಳಿಯ ಹತ್ತಿಯ ಇತಿಹಾಸ ನನಗೆ ಹೇಳುವುದು ಇಷ್ಟನ್ನು.

ಆಗಿನ ದಾರಿಯನ್ನು ನೋಡಿ. ಹೊಲದಿಂದ ಸಾಹುಕಾರ, ಅವನಿಂದ ದಲ್ಲಾಳಿ, ಮುಂದೆ ಎತ್ತು ಅಥವಾ ಗಾಡಿಯ ಮೇಲೆ ಘಟ್ಟ, ಕರಾವಳಿಯ ಗೋದಾಮು, ಪತ್ತೆಮಾರಿ ಎಂಬ ಹಾಯಿಹಡಗು, ಮುಂಬಯಿ, ಕೊನೆಗೆ ಲಿವರ್‌ಪೂಲ್. ಸಡಿಲವಾಗಿ ಕಟ್ಟಿದ ಅಂಡಿಗೆಗೆ ದಾರಿಯುದ್ದಕ್ಕೂ ಯಾರು ಬೇಕಾದರೂ ಕೈಹಾಕಬಹುದಿತ್ತು. ಬೀಜ, ಮಣ್ಣು ಬೆರೆಸುತ್ತಾರೆ, ತೂಕ ಹೆಚ್ಚಲೆಂದು ನೀರು ಚಿಮುಕಿಸುತ್ತಾರೆ, ಅಮೆರಿಕದ ಬೀಜದಿಂದ ಬೆಳೆದ ಉದ್ದ ಎಳೆಯ ಧಾರವಾಡ-ಅಮೆರಿಕನ್ ಹತ್ತಿಗೆ ಜವಾರಿ ಹತ್ತಿ ಸೇರಿಸುತ್ತಾರೆ ಎಂಬ ದೂರುಗಳು ಆ ಕಾಲದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆ ಜವಾರಿ ಹತ್ತಿಗೆ ಪೇಟೆಯಲ್ಲಿದ್ದ ಹೆಸರು ‘ಕುಮಟಾ’. ಬೆಳೆದ ಊರಿನದಲ್ಲ, ಹಡಗು ಹತ್ತಿದ ಬಂದರಿನ ಹೆಸರು! ಕೊಳ್ಳುವವನಿಗೆ ಬಂದರಿನಾಚೆ ಏನೂ ಕಾಣುತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮೋಸ ಯಾವ ಕೈಯಲ್ಲಿ ನಡೆಯಿತೆಂದು ಗೊತ್ತಾಗದಿದ್ದಾಗ ಅಪವಾದ ಹರಿದು ಬರುವುದು ಕೆಳಕ್ಕೆ, ತೀರ ಮೊದಲು ಮಾರಿದವನ ತಲೆಗೆ. ಬೆರಕೆ ಹತ್ತಿ ಸುಳ್ಳಲ್ಲ, ನಿಜ. ಆದರೆ ಪ್ರಾಮಾಣಿಕವಾಗಿ ಕೊಟ್ಟ ರೈತನ ಬಳಿಯೂ ತನ್ನ ಮಾತನ್ನುಳಿದು ಬೇರೆ ಪುರಾವೆ ಇರಲಿಲ್ಲ.

ಮುಂಬಯಿ ಸರ್ಕಾರ 1829ರಲ್ಲೇ ಈ ಬೆರಕೆಗೆ ಶಿಕ್ಷೆಯ ನಿಯಮ ತಂದಿತ್ತು. ಶಿಕ್ಷೆಯ ಭಯವೊಂದರಿಂದ ಬೆರಕೆ ನಿಲ್ಲಲಿಲ್ಲ. 1863ರ ಹತ್ತಿ ವಂಚನೆ ಕಾಯ್ದೆ ತಪಾಸಣೆಗಾರರನ್ನು ನೇಮಿಸಿತು, ಒತ್ತುಯಂತ್ರಗಳಿಗೆ ಪರವಾನಗಿ ಕಡ್ಡಾಯ ಮಾಡಿತು, ಅಲ್ಲಿಂದ ಹೊರಬೀಳುವ ಅಂಡಿಗೆಗೆ ಗುರುತು ಹಾಕಿಸಿತು. ನನ್ನ ಎಣಿಕೆಯಲ್ಲಿ ಶಿಕ್ಷೆಗಿಂತ ಆ ಗುರುತೇ ಹೆಚ್ಚಿನದು. ಈ ಕಾಯ್ದೆ ವ್ಯಾಪಾರಕ್ಕೆ ಹೊರೆಯಾಯಿತೆಂದು ವರ್ತಕರು ವಿರೋಧಿಸಿದ್ದರು, ಸರ್ಕಾರ ಮುಂದೆ ಅದನ್ನು ಕೈಬಿಟ್ಟಿತು. ಹಾಗಿರುವಾಗ ಗುರುತಿನಿಂದ ಆದ ಲಾಭವೇನು ಎಂದು ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಅಂಡಿಗೆ ಎಲ್ಲಿ ಕಟ್ಟಿದ್ದೆಂದು ಗುರುತು ಹೇಳುತ್ತದೆ, ಒಳಗೆ ಏನಿದೆ ಎಂದು ಹೇಳುವುದಿಲ್ಲ. ಅದರ ಮೇಲೆ ತಪಾಸಣೆಯ ಖರ್ಚನ್ನೂ ವ್ಯಾಪಾರವೇ ಹೊರಬೇಕಿತ್ತು. ಆದರೆ ಇದರಿಂದ ತಿಳಿಯುವುದು ಗುರುತು ವ್ಯರ್ಥವೆಂದಲ್ಲ, ಅದು ಅರ್ಧ ಮಾತ್ರವೆಂದು. ಉಳಿದರ್ಧವನ್ನು ತುಂಬಲು ಅಂದು ಸಾಧನವಿರಲಿಲ್ಲ. ಇಂದು ಅದು ಎಲ್ಲರ ಜೇಬಿನಲ್ಲಿದೆ: ಸರಣಿ ಸಂಖ್ಯೆ ಕಾಣುವಂತೆ ಹಿಡಿದು, ತೂಗಿ, ಪೆಟ್ಟಿಗೆ ಮುಚ್ಚಿ ಅಂಟಿಸುವವರೆಗೆ ಎಲ್ಲಿಯೂ ಕತ್ತರಿಸದ ಒಂದೇ ವಿಡಿಯೊ.

ಹೀಗೆ ಮಾಡಿದರೆ ಪ್ರತಿ ಗಿರಾಕಿಯನ್ನೂ ಕಳ್ಳನೆಂದು ಕಂಡಂತಾಗುವುದಿಲ್ಲವೇ? ಇಲ್ಲ. ಗಿರಾಕಿಗೆ ಕಾನೂನು ಕೊಟ್ಟ ಹಕ್ಕು ಗಟ್ಟಿಯಾಗಿಯೇ ಇದೆ, ಇರಬೇಕು ಕೂಡ. 1930ರ ಸರಕು ಮಾರಾಟ ಕಾಯ್ದೆ ಮಾಲನ್ನು ಪರೀಕ್ಷಿಸಲು ಅವನಿಗೆ ಅವಕಾಶ ಕೊಡುತ್ತದೆ. ಬೇಡವೆಂದು ತಿಳಿಸದೆ ಸಕಾಲ ಮೀರಿ ಇಟ್ಟುಕೊಂಡರೆ ಒಪ್ಪಿಕೊಂಡಂತೆ ಎಂದೂ ಹೇಳುತ್ತದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೋಷವಿರುವ, ನಕಲಿಯಾದ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಮಾಲನ್ನು ಮರಳಿ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ದಾಖಲೆ ಈ ಹಕ್ಕನ್ನು ಕಸಿಯುವುದಿಲ್ಲ. ತಪ್ಪು ಮಾರಿದವನದೇ ಆಗಿದ್ದರೆ ಅದನ್ನೂ ಅದೇ ವಿಡಿಯೊ ಹೇಳುತ್ತದೆ, ಕೊರಿಯರ್‌ನವರ ಕೈಯಲ್ಲಿ ಆದ ಕೆಡುಕನ್ನು ಗಿರಾಕಿಯ ತಲೆಗೆ ಕಟ್ಟುವುದನ್ನೂ ತಪ್ಪಿಸುತ್ತದೆ.

ಹತ್ತಿಯ ಈ ಪ್ರಶ್ನೆ ಇಂದು ಹಣ್ಣಿಗೂ ಇದೆ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ದಪ್ಪ ಸಿಪ್ಪೆಯ ಬಿಳಿ ಇಶಾಡವನ್ನು ಅದರ ಜೊತೆ ಬೆರೆಸಿದರೆ ದೂರದ ಊರಿನವರಿಗೆ ಹೇಗೆ ತಿಳಿಯಬೇಕು? ಬೆರೆಸದಿದ್ದರೂ ಬೆರೆಸಿದಿರಿ ಎಂದವರಿಗೆ ಹೇಗೆ ಉತ್ತರಿಸಬೇಕು? ಹಣ್ಣು ಮರಳಿ ಬರುವಷ್ಟರಲ್ಲಿ ಕೊಳೆತಿರುತ್ತದೆ, ವಾದಕ್ಕೆ ಮಾಲೇ ಉಳಿದಿರುವುದಿಲ್ಲ. ಕಾರವಾರದಿಂದಲೋ ಅಂಕೋಲೆಯಿಂದಲೋ ಮಾಲು ಕಳಿಸುವ ಪ್ರತಿಯೊಬ್ಬರಲ್ಲೂ ಕೇಳಿಕೊಳ್ಳುವುದಿಷ್ಟೆ: ತುಂಬುವಾಗಲೇ ಚಿತ್ರೀಕರಿಸಿಟ್ಟುಕೊಳ್ಳಿ, ಕೊರಿಯರ್ ಅಂಗಡಿಯ ತೂಕದ ಚೀಟಿಯನ್ನು ಜೋಪಾನ ಮಾಡಿ, ವಾಪಸು ಬಂದ ಪೆಟ್ಟಿಗೆಯನ್ನು ತಂದವರ ಎದುರಿಗೇ ತೂಗಿಸಿ, ಚಿತ್ರೀಕರಿಸುತ್ತಲೇ ಬಿಚ್ಚಿ.