ಅರ್ಧ ದಾರಿಯಿಂದ ಮರಳಿದ ಖಲೀಫ

ಊರಿಗೆ ಸಾಂಕ್ರಾಮಿಕ ರೋಗ ಬಂದಾಗಲೆಲ್ಲ ನಮ್ಮ ಮೊಹಲ್ಲಾಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ಸಾವು ಬರೆದಿದ್ದರೆ ಬಂದೇ ತೀರುತ್ತದೆ, ಬಾಗಿಲು ಹಾಕಿಕೊಂಡು ಕುಳಿತರೆ ತಪ್ಪೀತೇ? 2020ರಲ್ಲಿ ಕೊರೋನಾದಿಂದಾಗಿ ಮಸೀದಿಗಳು ಮುಚ್ಚಿದಾಗಲೂ ನಾವು ಇದನ್ನು ಕೇಳಿದೆವು. ಹೇಳಿದವರ ಈಮಾನನ್ನು ಶಂಕಿಸಬೇಕಾಗಿಲ್ಲ. ಆದರೆ ಈ ವಾದ ತೀರಾ ಹಳೆಯದು. ಹಿಜರಿ ಮೊದಲ ಶತಮಾನದಲ್ಲೇ, ಅದೂ ಇಬ್ಬರು ಹಿರಿಯ ಸಹಾಬಿಗಳ ನಡುವೆ, ಇದು ನಡೆದುಹೋಗಿದೆ.

ಕ್ರಿ.ಶ. 639ರ ಸುಮಾರು. ಖಲೀಫ ಉಮರ್(ರ) ಮದೀನಾದಿಂದ ಸಿರಿಯಾಕ್ಕೆ ಹೊರಟಿದ್ದರು. ತಬೂಕ್‌ನ ಆಚೆ, ಸಿರಿಯಾದ ಗಡಿಯ ಸರ್ಗ್ ಎಂಬಲ್ಲಿಗೆ ಬಂದಾಗ ಸೇನಾನಿ ಅಬೂ ಉಬೈದಾ(ರ) ಮತ್ತಿತರ ದಂಡನಾಯಕರು ಎದುರಾಗಿ, ಸಿರಿಯಾದಲ್ಲಿ ಪ್ಲೇಗು ಹರಡಿದೆ ಎಂದರು. ಉಮರ್ ತಾವೇ ತೀರ್ಮಾನಿಸಲಿಲ್ಲ. ಮೊದಲು ಮುಹಾಜಿರ್‌ಗಳನ್ನು ಕರೆದು ಕೇಳಿದರು. ಅವರಲ್ಲಿ ಒಮ್ಮತ ಮೂಡಲಿಲ್ಲ. ಅನ್ಸಾರ್‌ಗಳನ್ನು ಕೇಳಿದರು, ಅಲ್ಲೂ ಅದೇ ಕಥೆ. ಕೊನೆಗೆ ಕುರೈಶರ ಹಿರಿಯರನ್ನು ಕರೆಸಿದರು. ಅವರೆಲ್ಲ ಒಂದೇ ಸ್ವರದಲ್ಲಿ, ಜನರನ್ನು ರೋಗದ ಬಾಯಿಗೆ ಒಯ್ಯಬೇಡಿ, ಮರಳಿಬಿಡಿ ಎಂದರು. ಬೆಳಗಾದರೆ ಹಿಂದಿರುಗುವುದಾಗಿ ಖಲೀಫ ಸಾರಿದರು.

ಆಗ ಅಬೂ ಉಬೈದಾ ತಡೆದು ಕೇಳಿದರು: ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ?

ಈ ಪ್ರಶ್ನೆ ಬೇರೆ ಯಾರಿಂದಲಾದರೂ ಬರಬಾರದಿತ್ತೇ ಎಂದು ಉಮರ್ ನೊಂದುಕೊಂಡರು. ಅಬೂ ಉಬೈದಾರ ಮಾತಿಗೆ ಎದುರಾಡುವುದು ಅವರಿಗೆ ಇಷ್ಟವಿರಲಿಲ್ಲ. ಆದರೂ ಉತ್ತರ ಕೊಟ್ಟರು. ಅದರ ಸಾರಾಂಶ: ಹೌದು, ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆ. ಒಂದು ಬದಿ ಹಸಿರು, ಇನ್ನೊಂದು ಬದಿ ಬರಡಾಗಿರುವ ಕಣಿವೆಯಲ್ಲಿ ನಿನ್ನ ಒಂಟೆಗಳನ್ನು ಎತ್ತ ಮೇಯಿಸಿದರೂ ಅದು ವಿಧಿಯೇ ಅಲ್ಲವೇ? ಒಂಟೆ ಕಾಯುವವನಿಗೂ ಅರ್ಥವಾಗುವ ಉತ್ತರ! ವಿಧಿಯ ಬಗ್ಗೆ ದಪ್ಪ ದಪ್ಪ ಗ್ರಂಥಗಳು ಬಂದಿವೆ. ನಮ್ಮ ಮಟ್ಟಿಗೆ ಈ ಕಣಿವೆಯೇ ಸಾಕು.

ಅಷ್ಟರಲ್ಲಿ, ಅದುವರೆಗೆ ಅಲ್ಲಿಲ್ಲದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಈ ಕುರಿತು ತಾವು ಪ್ರವಾದಿ(ಸ)ರಿಂದ ಕೇಳಿದ್ದನ್ನು ತಿಳಿಸಿದರು. ಪ್ಲೇಗಿರುವ ನಾಡಿಗೆ ಹೋಗಬಾರದು. ನೀವಿರುವ ನಾಡಿಗೇ ಅದು ಬಂದರೆ ಅಂಜಿ ಓಡಬಾರದು. ಉಮರ್ ಅಲ್ಲಾಹನನ್ನು ಸ್ತುತಿಸಿ ಮದೀನಾದ ಹಾದಿ ಹಿಡಿದರು. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳೆರಡರಲ್ಲೂ ಈ ಘಟನೆಯಿದೆ.

ಭಾಷಣಕಾರರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಹದೀಸಿನ ಉತ್ತರಾರ್ಧವೇ ಹೆಚ್ಚು ಭಾರದ್ದು. ಹೋಗದಿರುವುದು ಸುಲಭ, ಬಿಟ್ಟು ಬಾರದಿರುವುದು ಕಷ್ಟ. ಮುಂದೆ ಉಮರ್ ಅಬೂ ಉಬೈದಾರಿಗೆ ಪತ್ರ ಬರೆದು, ತುರ್ತು ಕೆಲಸವಿದೆ, ಕೂಡಲೇ ಬಾ ಎಂದು ಕರೆದ ಸಂಗತಿಯನ್ನು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಖಲೀಫರು ತನ್ನನ್ನು ಉಳಿಸಿಕೊಳ್ಳಲು ನೋಡುತ್ತಿದ್ದಾರೆಂದು ಅಬೂ ಉಬೈದಾರಿಗೆ ತಿಳಿದುಹೋಯಿತು. ಸೈನಿಕರನ್ನು ಬಿಟ್ಟು ಬರಲಾರೆನೆಂದು ಮಾರುತ್ತರ ಬರೆದರು. ಅದನ್ನು ಓದಿ ಉಮರ್ ಅತ್ತರು. ಅಬೂ ಉಬೈದಾ ತೀರಿಕೊಂಡರೇ ಎಂದು ಸುತ್ತಲಿದ್ದವರು ಕೇಳಿದರಂತೆ. ಇನ್ನೂ ಇಲ್ಲ, ಆದರೆ ತೀರಿಕೊಂಡಂತೆಯೇ ಎಂಬರ್ಥದ ಉತ್ತರ ಬಂತು. ಹಾಗೇ ಆಯಿತು. ಅವರ ಬಳಿಕ ಹೊಣೆ ಹೊತ್ತ ಮುಆದ್ ಬಿನ್ ಜಬಲ್(ರ) ಕೂಡ ಅದೇ ರೋಗಕ್ಕೆ ಬಲಿಯಾದರು. ನಂತರ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗಳಿಗೆ ಚದುರಿಸಿದರು. ಆಕ್ಷೇಪಿಸಿದವರೂ ಇದ್ದರು, ಆದರೆ ರೋಗ ಇಳಿಯಿತು. ಫೆಲೆಸ್ತೀನಿನ ಅಮ್ವಾಸ್ ಎಂಬ ಊರಿನ ಹೆಸರಲ್ಲಿ ಆ ಪ್ಲೇಗು ಇತಿಹಾಸದಲ್ಲಿ ಉಳಿದಿದೆ.

ರೋಗ ಒಬ್ಬರಿಂದೊಬ್ಬರಿಗೆ ಅಂಟುತ್ತದೆಯೇ ಎಂಬ ಪ್ರಶ್ನೆ ಮಾತ್ರ ತೀರಲಿಲ್ಲ. ಅಂಟು ಎಂಬುದಿಲ್ಲ ಎನ್ನುವ ಹದೀಸೂ ಇದೆ, ರೋಗದ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿ ತರಬಾರದೆನ್ನುವ ಹದೀಸೂ ಇದೆ. 1348ರ ಮಹಾಮಾರಿಯನ್ನು ಕಂಡ ಗ್ರಾನಡಾದ ಇಬ್ನುಲ್ ಖತೀಬ್ ಹಿಂಜರಿಯಲಿಲ್ಲ. ರೋಗಿಯ ಬಟ್ಟೆ, ಪಾತ್ರೆ, ಕಿವಿಯೋಲೆಯಿಂದಲೂ ರೋಗ ಹರಡುವುದನ್ನು ಅನುಭವ ತೋರಿಸಿರುವಾಗ, ಶ್ರುತ ವಚನವನ್ನು ಅದಕ್ಕೆ ಹೊಂದುವಂತೆ ಅರ್ಥೈಸಬೇಕೆಂದು ಅವರು ವಾದಿಸಿದರು.

ಕೈರೋದ ಹದೀಸ್ ವಿದ್ವಾಂಸ ಇಬ್ನು ಹಜರ್ ಅಸ್ಕಲಾನಿ ಇದನ್ನು ಒಪ್ಪಿದವರಲ್ಲ. ಪ್ಲೇಗು ಜಿನ್ನ್‌ಗಳ ಇರಿತದಿಂದ ಬರುತ್ತದೆಂಬುದು ಅವರ ನಂಬಿಕೆ. ಆದರೆ ಕಂಡದ್ದನ್ನು ಅವರು ಮುಚ್ಚಿಡಲಿಲ್ಲ. ಹಿಜರಿ 833ರಲ್ಲಿ (ಕ್ರಿ.ಶ. 1430) ಕೈರೋದಲ್ಲಿ ದಿನಕ್ಕೆ ನಲವತ್ತಕ್ಕೂ ಕಡಿಮೆ ಜನ ಸಾಯುತ್ತಿದ್ದರು. ಮೂರು ದಿನ ಉಪವಾಸವಿದ್ದು, ಎಲ್ಲರೂ ಊರ ಹೊರಗಿನ ಮರಳುಗಾಡಿನಲ್ಲಿ ಸೇರಿ ಪ್ರಾರ್ಥಿಸಿ ಬಂದರು. ತಿಂಗಳು ಮುಗಿಯುವುದರೊಳಗೆ ಸಾವು ದಿನಕ್ಕೆ ಸಾವಿರ ದಾಟಿತ್ತು. ತಮ್ಮ ಸಿದ್ಧಾಂತಕ್ಕೆ ಅನುಕೂಲವಲ್ಲದ ಈ ಲೆಕ್ಕವನ್ನು ಅವರೇ ಬರೆದಿಟ್ಟರು. ಆ ಗ್ರಂಥವನ್ನು ಅವರು ಕೈಗೆತ್ತಿಕೊಂಡದ್ದು ಹಿಜರಿ 819ರಲ್ಲಿ, ಫಾತಿಮಾ ಮತ್ತು ಆಲಿಯಾ ಎಂಬ ಇಬ್ಬರು ಹೆಣ್ಣುಮಕ್ಕಳನ್ನು ಪ್ಲೇಗಿಗೆ ಕಳೆದುಕೊಂಡಾಗ. ಮುಗಿಸಿದ್ದು 833ರಲ್ಲಿ. ಅದೇ ವರ್ಷ ಅದೇ ಪ್ಲೇಗು ಅವರ ಹಿರಿಯ ಮಗಳು, ಬಸುರಿಯಾಗಿದ್ದ ಝೈನ್ ಖಾತೂನಳನ್ನೂ ಒಯ್ದಿತು.