ಕಬ್ಬಿಣದ ನದಿಯ ದಂಡೆಯಲ್ಲಿ ಒಂದು ಹಗಲು

ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಿ ಎಂದು ಸಮಿತಿಯವರು ಕೇಳಿದ್ದರು. ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಹಲವರಿದ್ದಾರೆ. ನಾನು ಇಲ್ಲಿ ಇತಿಹಾಸದ ಮೇಷ್ಟರಾಗಿದ್ದವನು, ಆದ್ದರಿಂದ ಇತಿಹಾಸದ ಪಾಠವನ್ನೇ ಒಪ್ಪಿಸುತ್ತೇನೆ. ಹತ್ತನೇ ತರಗತಿಯಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗ 'ಬೆಸೆಮರ್ ವಿಧಾನ, 1856' ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಆ ಒಂದು ಸಾಲಿನಿಂದ ಬೆಳೆದ ಊರನ್ನು ನಿವೃತ್ತಿಯ ನಂತರ ನೋಡುವ ಅವಕಾಶ ಸಿಕ್ಕಿತು. ಅದರ ಹೆಸರು ಬಿಲ್ಬಾವೊ. ಸ್ಪೇನ್ ದೇಶದ ಉತ್ತರಕ್ಕೆ, ಬಾಸ್ಕ್ ಜನರ ಸೀಮೆಯಲ್ಲಿದೆ.

ಇಂಗ್ಲೆಂಡಿನಲ್ಲಿರುವ ಮಗಳು ಮತ್ತು ಅಳಿಯ ನಮ್ಮಿಬ್ಬರನ್ನು ಸೌತಾಂಪ್ಟನ್ನಿನಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಕರೆದೊಯ್ದಿದ್ದರು. ಹಡಗು ಬಿಲ್ಬಾವೊವರೆಗೆ ಹೋಗುವುದಿಲ್ಲ. ನಗರವಿರುವುದು ಸಮುದ್ರದಿಂದ ಒಳಗೆ, ನೆರ್ವಿಯೋನ್ ನದಿಯ ಉದ್ದನೆಯ ಅಳಿವೆಯ ಕೊನೆಯಲ್ಲಿ. ದೊಡ್ಡ ಹಡಗುಗಳು ಅಳಿವೆಯ ಬಾಯಿಯಲ್ಲಿರುವ ಗೆಚೊ ಎಂಬಲ್ಲಿ ನಿಲ್ಲುತ್ತವೆ. ಬೆಳಿಗ್ಗೆ ಇಳಿದರೆ ಸಂಜೆಯೊಳಗೆ ಹತ್ತಬೇಕು.

ದಂಡೆಯಲ್ಲಿ ನಡೆದುಹೋದರೆ ಮೊದಲು ಸಿಗುವುದು ಎವಾರಿಸ್ತೊ ಚುರ್ರುಕಾ ಎಂಬ ಎಂಜಿನಿಯರರ ಸ್ಮಾರಕ. ಅಳಿವೆಯ ಬಾಯಿಯಲ್ಲಿ ಅಡ್ಡಲಾಗಿದ್ದ ಮರಳುದಿಬ್ಬವನ್ನು ಹತೋಟಿಗೆ ತಂದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಡಗುಗಳು ನಿರ್ಭಯವಾಗಿ ಒಳಬರುವಂತೆ ಮಾಡಿದವರು ಅವರು. ರಾಜರ ಪ್ರತಿಮೆಗಳನ್ನು ಎಲ್ಲ ಊರಿನಲ್ಲೂ ನೋಡಬಹುದು. ಹೂಳು ತೆಗೆಸಿದವನಿಗೆ ಅಷ್ಟು ದೊಡ್ಡ ಸ್ಮಾರಕ ಕಟ್ಟಿದ್ದು ನನಗೆ ಹಿಡಿಸಿತು.

ಇನ್ನೂ ಮುಂದೆ ಹೋದರೆ ತೂಗಾಡುವ ಸೇತುವೆ. 1893ರಲ್ಲಿ ಆಲ್ಬೆರ್ತೊ ದೆ ಪಲಾಸಿಯೊ ಕಟ್ಟಿದ್ದು, ಈ ಬಗೆಯ ಸೇತುವೆಗಳಲ್ಲಿ ಪ್ರಪಂಚಕ್ಕೇ ಮೊದಲನೆಯದು. ದಂಡೆಗಳು ತಗ್ಗಾಗಿವೆ, ಆದರೆ ಎತ್ತರದ ಪಟಗಂಬಗಳ ಹಡಗು ಕೆಳಗೆ ಹಾದುಹೋಗಬೇಕು. ಆತ ಕಂಡುಕೊಂಡ ಉಪಾಯ ಸರಳ. ಸುಮಾರು 45 ಮೀಟರ್ ಎತ್ತರದಲ್ಲಿ ಕಬ್ಬಿಣದ ತೊಲೆ ಹಾಯಿಸಿ, ಅದರಿಂದ ತಂತಿಹಗ್ಗಗಳಲ್ಲಿ ತೊಟ್ಟಿಲೊಂದನ್ನು ಇಳಿಬಿಟ್ಟ. ಜನ, ವಾಹನ ಎಲ್ಲವೂ ಆ ತೊಟ್ಟಿಲಲ್ಲಿ ನಿಂತು 160 ಮೀಟರ್ ನೀರನ್ನು ದಾಟುತ್ತವೆ. ಇಂದಿಗೂ ಜನ ಕೆಲಸಕ್ಕೆ, ಸಂತೆಗೆ ಇದರಲ್ಲೇ ಓಡಾಡುತ್ತಾರೆ. 2006ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವೂ ಆಚೆ ದಡಕ್ಕೆ ಹೋಗಿ ಬಂದೆವು. ನನ್ನಾಕೆ ಕಂಬಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು.

ಈ ಸೇತುವೆ ಜೋಡಿಸುವುದು ಎರಡು ಊರುಗಳನ್ನಷ್ಟೇ ಅಲ್ಲ. ಗೆಚೊ ಕಡೆಯ ಬಲದಂಡೆಯಲ್ಲಿ ಗಣಿ ಮಾಲೀಕರ, ಹಡಗು ಮಾಲೀಕರ ಬಂಗಲೆಗಳು. ಪೋರ್ತುಗಲೇತೆ ಕಡೆಯ ಎಡದಂಡೆಯಲ್ಲಿ ಕೂಲಿಕಾರರ ಬೀದಿಗಳು, ಕಾರ್ಖಾನೆಗಳು. ಕಾರಣ, ಎಡದಂಡೆಯ ಹಿಂದಿನ ಗುಡ್ಡಗಳಲ್ಲಿದ್ದ ಅದಿರು. ಬೆಸೆಮರನ ಕುಲುಮೆಗೆ ರಂಜಕ ಕಡಿಮೆಯಿರುವ ಕಬ್ಬಿಣದ ಅದಿರೇ ಬೇಕಿತ್ತು, ಇಲ್ಲದಿದ್ದರೆ ಉಕ್ಕು ಬಿರುಕು ಬಿಡುತ್ತಿತ್ತು. ಅಂಥ ಅದಿರು ಯುರೋಪಿನಲ್ಲಿ ಎಲ್ಲೆಡೆ ಸಿಗುತ್ತಿರಲಿಲ್ಲ. ಬಿಲ್ಬಾವೊದ ಗುಡ್ಡಗಳಲ್ಲಿ, ಅದೂ ಸಮುದ್ರದ ಪಕ್ಕದಲ್ಲೇ ಇತ್ತು. ಅದಿರಿನ ಬಹುಪಾಲು ಬ್ರಿಟನ್ನಿಗೆ ಹೋಯಿತು, ಮರಳುವ ಹಡಗುಗಳಲ್ಲಿ ಕಲ್ಲಿದ್ದಲು ಬಂತು. ಹಾಗೆ ಬಂದ ಇಂಗ್ಲಿಷರೊಂದಿಗೆ ಫುಟ್‌ಬಾಲ್ ಕೂಡ ಬಂತು. ಇಲ್ಲಿನ ಅಥ್ಲೆಟಿಕ್ ಕ್ಲಬ್ ಇವತ್ತಿಗೂ ಬಾಸ್ಕ್ ಸೀಮೆಯಲ್ಲಿ ಹುಟ್ಟಿದ ಅಥವಾ ಅಲ್ಲಿ ಆಟ ಕಲಿತ ಹುಡುಗರನ್ನು ಮಾತ್ರ ಆಡಿಸುತ್ತದೆ.

ಅದಿರು ಅಗೆದವರ ಕಥೆ ಬೇರೆ. ಸ್ಪೇನಿನ ಬಡ ಹಳ್ಳಿಗಳಿಂದ ಬಂದ ಕೂಲಿಗಳು ಗಣಿಯವರದೇ ಬಿಡಾರಗಳಲ್ಲಿ ಮಲಗಬೇಕು, ಗಣಿಯ ಅಂಗಡಿಯಲ್ಲೇ ಕಾಳುಕಡ್ಡಿ ಕೊಳ್ಳಬೇಕು ಎಂಬ ಕಟ್ಟಳೆಯಿತ್ತು. ಒಂದು ಕೈಯಲ್ಲಿ ಕೊಟ್ಟ ಕೂಲಿಯನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಲೆಕ್ಕ. 1890ರ ಮೇ ತಿಂಗಳಲ್ಲಿ ಸಾವಿರಾರು ಗಣಿಗಾರರು ಮುಷ್ಕರ ಹೂಡಿದರು. ಸೈನ್ಯದೊಂದಿಗೆ ಬಂದ ಜನರಲ್ ಲೋಮಾ ಬಿಡಾರಗಳನ್ನು ಕಂಡು ಕೂಲಿಗಳ ಬೇಡಿಕೆ ನ್ಯಾಯವೆಂದು ಒಪ್ಪಿದ. ಬಿಡಾರ, ಅಂಗಡಿಗಳ ಕಡ್ಡಾಯ ಹೋಗಬೇಕೆಂದು ತೀರ್ಮಾನವಾಯಿತು. ತೀರ್ಮಾನ ಪೂರ್ತಿ ಜಾರಿಗೆ ಬರಲು ಇನ್ನೂ ಮುಷ್ಕರಗಳು ಬೇಕಾದವು. ಈ ಗಣಿಗಳ ನಡುವಿನ ಗಯಾರ್ತಾ ಊರಿನಲ್ಲೇ 1895ರಲ್ಲಿ ದೊಲೋರೆಸ್ ಇಬಾರ್ರುರಿ ಹುಟ್ಟಿದ್ದು; ಮುಂದೆ 'ಲಾ ಪಸಿಯೊನಾರಿಯಾ' ಎಂದು ಹೆಸರಾದ ನಾಯಕಿ. ಆಕೆ ಹುಟ್ಟಿದ ಹಳೆಯ ಗಯಾರ್ತಾ ಈಗಿಲ್ಲ. ಅದರ ಕೆಳಗೂ ಅದಿರಿತ್ತಾದ್ದರಿಂದ ಊರನ್ನೇ ಕೆಡವಿ ಅಗೆದರು.

ಮೆಟ್ರೊ ಹಿಡಿದು ನಗರಕ್ಕೆ ಹೋದೆವು. ನಿಲ್ದಾಣದ ಫಲಕಗಳಲ್ಲಿ ಎರಡು ಭಾಷೆ: ಸ್ಪ್ಯಾನಿಷ್ ಮತ್ತು ಎವುಸ್ಕರಾ. ಬಾಸ್ಕ್ ಜನರ ಈ ಎವುಸ್ಕರಾಕ್ಕೆ ಪ್ರಪಂಚದಲ್ಲಿ ನೆಂಟ ಭಾಷೆ ಯಾವುದೂ ಕಂಡುಬಂದಿಲ್ಲ. ಫ್ರಾಂಕೊ ಆಳ್ವಿಕೆಯಲ್ಲಿ ಶಾಲೆ, ಕಚೇರಿಗಳಿಂದ ಅದನ್ನು ಹೊರಗಟ್ಟಿದ್ದರು. ಆಗ ತಂದೆತಾಯಂದಿರು, ಶಿಕ್ಷಕಿಯರು ಸೇರಿ ಮನೆಗಳಲ್ಲಿ, ಚರ್ಚಿನ ಕೋಣೆಗಳಲ್ಲಿ 'ಇಕಾಸ್ತೊಲಾ' ಎಂಬ ಶಾಲೆಗಳನ್ನು ನಡೆಸಿದರು. 1979ರ ಸ್ವಾಯತ್ತ ಶಾಸನದಿಂದ ಅದು ಅಧಿಕೃತ ಭಾಷೆಯಾಯಿತು. ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದನ್ನು ನೋಡಿರುವ ನನಗೆ ಆ ಫಲಕಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆನಿಸಿತು.

"ಅಪ್ಪಾ, ಮ್ಯೂಸಿಯಂ ನೋಡೋದು ಬೇಡ್ವಾ?" ಎಂದು ಮಗಳು ಅವಸರಪಡಿಸಿದಳು. 1997ರಲ್ಲಿ ತೆರೆದ ಗುಗೆನ್‌ಹೈಮ್ ಕಲಾ ಸಂಗ್ರಹಾಲಯ, ಫ್ರಾಂಕ್ ಗೆರಿಯ ವಿನ್ಯಾಸ, ಮೀನಿನ ಹುರುಪೆಯಂತೆ ಹೊಳೆಯುವ ಟೈಟಾನಿಯಂ ಹೊದಿಕೆ. ಸುಂದರವಾಗಿದೆ, ಸಂಶಯವಿಲ್ಲ. ಆದರೆ ಈ ಒಂದು ಕಟ್ಟಡ ಊರನ್ನು ಉಳಿಸಿತು ಎಂಬ ಮಾತನ್ನು ನಾನು ಒಪ್ಪಲಾರೆ. 1980ರ ದಶಕದಲ್ಲಿ ಹಡಗುಕಟ್ಟೆಗಳು ಮುಚ್ಚುತ್ತ ಬಂದವು. 1983ರ ಆಗಸ್ಟ್ 26ರಂದು ನದಿ ಉಕ್ಕಿ ಹಳೆಯ ಪೇಟೆಯನ್ನು ಮುಳುಗಿಸಿತು. 1902ರಲ್ಲಿ ಆರಂಭವಾಗಿದ್ದ 'ಆಲ್ತೊಸ್ ಓರ್ನೊಸ್' ಉಕ್ಕಿನ ಕಂಪನಿಯ ಕುಲುಮೆಗಳು 1996ರಲ್ಲಿ ಆರಿದವು. ಭದ್ರಾವತಿಯ ಕಾರ್ಖಾನೆಯನ್ನು ಬಲ್ಲ ನಮ್ಮ ಕಡೆಯವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಈ ನಡುವೆ ಕೊಳಚೆ ತುಂಬಿದ್ದ ನದಿಯನ್ನು ವರ್ಷಗಟ್ಟಲೆ ಶುದ್ಧಮಾಡಿದರು. ಅದಕ್ಕೆ ತಗುಲಿದ ಹಣ ಮ್ಯೂಸಿಯಂಗಿಂತ ಹಲವು ಪಟ್ಟು ಹೆಚ್ಚು. ಕೊಳವೆಗಳ ಫೋಟೊ ಯಾರೂ ತೆಗೆಯುವುದಿಲ್ಲ, ಅಷ್ಟೆ.

ಸಂಜೆ ಹಡಗು ಹೊರಟಾಗ ಎದುರು ದಡದಲ್ಲಿ ಸಾಂತುರ್ತ್ಸಿ ಬಂದರು ಕಾಣುತ್ತಿತ್ತು. ಆ ಊರಿನ ಹೆಸರು ನನಗೆ ಓದಿನಿಂದ ಗೊತ್ತಿತ್ತು. ಸ್ಪೇನಿನ ಅಂತರ್ಯುದ್ಧದಲ್ಲಿ, 1937ರ ಏಪ್ರಿಲ್ 26ರಂದು, ಸೋಮವಾರದ ಸಂತೆಯ ದಿನ, ಫ್ರಾಂಕೊ ಪರವಾಗಿ ಜರ್ಮನ್ ಮತ್ತು ಇಟಲಿಯ ವಿಮಾನಗಳು ಹತ್ತಿರದ ಗೆರ್ನಿಕಾ ಊರನ್ನು ಸುಟ್ಟವು. ಪಿಕಾಸೊ ಚಿತ್ರದಿಂದ ಈ ಹೆಸರು ಲೋಕಕ್ಕೆಲ್ಲ ತಿಳಿದಿದೆ. ಮುಂದಿನ ಸರದಿ ಬಿಲ್ಬಾವೊದ್ದೆಂದು ಹೆದರಿದ ಜನ ಮಕ್ಕಳನ್ನು ಹೊರಗೆ ಕಳಿಸಲು ಮುಂದಾದರು. ಬ್ರಿಟಿಷ್ ಸರ್ಕಾರ ಬಹಳ ಹಿಂದೆಮುಂದೆ ನೋಡಿ, ಖಜಾನೆಯಿಂದ ಹಣ ಕೊಡುವುದಿಲ್ಲವೆಂಬ ಷರತ್ತಿನ ಮೇಲೆ ಒಪ್ಪಿತು. ಖರ್ಚೆಲ್ಲ ಅಲ್ಲಿನ ಸಾಮಾನ್ಯ ಜನರ ದೇಣಿಗೆಯದು. ಮೇ 21ರಂದು ಸಾಂತುರ್ತ್ಸಿಯಿಂದ 'ಹಬಾನಾ' ಎಂಬ ಹಡಗು ಹೊರಟಿತು. ಸುಮಾರು 800 ಜನರಿಗೆಂದು ಕಟ್ಟಿದ ಆ ಹಡಗಿನಲ್ಲಿ ಸುಮಾರು 4,000 ಮಕ್ಕಳಿದ್ದರು. ಪ್ರತಿ ಮಗುವಿನ ಬಟ್ಟೆಗೂ ಸಂಖ್ಯೆ ಬರೆದ ಆರು ಮೂಲೆಯ ಚೀಟಿ ಸಿಕ್ಕಿಸಿದ್ದರು. ಜೊತೆಗೆ ಹೊರಟವರಲ್ಲಿ ಹತ್ತಾರು ಶಿಕ್ಷಕಿಯರೂ ಇದ್ದರು. ತಮ್ಮ ಮನೆಯವರನ್ನು ಬಿಟ್ಟು ಊರಿನವರ ಮಕ್ಕಳೊಂದಿಗೆ ಹಡಗು ಹತ್ತಿದ ಆ ಹೆಣ್ಣುಮಕ್ಕಳ ಬಗ್ಗೆ ಪಠ್ಯಪುಸ್ತಕಗಳಲ್ಲಿ ಒಂದು ಸಾಲೂ ಇಲ್ಲ.

ಎರಡು ದಿನ ಬಿರುಗಾಳಿಯ ಸಮುದ್ರ ದಾಟಿ ಅವರು ಇಳಿದದ್ದು ಸೌತಾಂಪ್ಟನ್ನಿನಲ್ಲಿ, ನಾವು ಹೊರಟು ಬಂದಿದ್ದ ಅದೇ ಊರಿನಲ್ಲಿ. ಹತ್ತಿರದ ಹೊಲಗಳಲ್ಲಿ ಡೇರೆ ಹಾಕಿ ಮಕ್ಕಳನ್ನು ಇರಿಸಿದರು. ಮೂರು ತಿಂಗಳ ಮಟ್ಟಿಗೆ ಮಾತ್ರ ಎಂದು ತಾಯಂದಿರು ಸಮಾಧಾನ ಹೇಳಿ ಕಳಿಸಿದ್ದರು. ತಿಂಗಳು ತುಂಬುವ ಮೊದಲೇ, ಜೂನ್ 19ರಂದು, ಬಿಲ್ಬಾವೊ ಫ್ರಾಂಕೊ ಸೈನ್ಯದ ವಶವಾಯಿತು. ಸುದ್ದಿಯನ್ನು ಶಿಬಿರದ ಧ್ವನಿವರ್ಧಕದಲ್ಲಿ ಹೇಳಿದಾಗ ಮಕ್ಕಳೆಲ್ಲ ಒಟ್ಟಿಗೆ ಗೋಳಾಡಿದರಂತೆ. ಮುಂದಿನ ವರ್ಷಗಳಲ್ಲಿ ಹೆಚ್ಚಿನವರು ಊರಿಗೆ ಮರಳಿದರು. ಮರಳಿ ಹೋಗಲು ಅಪ್ಪ ಅಮ್ಮ ಇಲ್ಲದವರು, ಅಪ್ಪ ಅಮ್ಮ ಸೆರೆಯಲ್ಲಿದ್ದವರು, ಹೀಗೆ ಕೆಲವು ನೂರು ಮಂದಿ ಇಂಗ್ಲೆಂಡಿನಲ್ಲೇ ಉಳಿದು, ಅಲ್ಲಿಯೇ ಮದುವೆ ಮಾಡಿಕೊಂಡು, ಮುದುಕರಾದರು.